ಹೊರೆ ಹೊತ್ತವರ ಮೆಟ್ಟಿಲು

ಅಧ್ಯಕ್ಷರೇ, ಚಾರಣ ಬಳಗದ ಗೆಳೆಯರೇ,

ಕೆರಿಬಿಯನ್ ಕಡೆಯ ದ್ವೀಪಕ್ಕೆ ಹೋಗಿ ಬಂದೆ ಎಂದರೆ ಸಾಕು, ಎದುರಿನವರು ಕೇಳುವುದು ಒಂದೇ ಪ್ರಶ್ನೆ: ಬೀಚ್ ಹೇಗಿತ್ತು? ಈ ಸಭಾಂಗಣದ ಬಾಗಿಲಲ್ಲೇ ಮೂವರು ಕೇಳಿದರು. ನಾನು ಹೋದ ಸಾಬಾದಲ್ಲಿ ವರ್ಷವಿಡೀ ನಿಲ್ಲುವ ಸಹಜ ಬೀಚ್ ಇಲ್ಲ. ವೆಲ್ಸ್ ಕೊಲ್ಲಿಯಲ್ಲಿ ವಸಂತದ ಹೊತ್ತಿಗೆ ಸಮುದ್ರ ಒಂದಿಷ್ಟು ಮರಳು ತಂದು ಹಾಸುತ್ತದೆ, ಚಳಿಗಾಲದ ಹೊತ್ತಿಗೆ ತಾನೇ ಎಳೆದುಕೊಂಡು ಹೋಗುತ್ತದೆ. ಉಳಿದ ಅಂಚೆಲ್ಲ ನೀರಿನಿಂದ ನೆಟ್ಟಗೆ ಎದ್ದ ಬಂಡೆ. 13 ಚದರ ಕಿಲೋಮೀಟರ್ ನೆಲ, ಸುಮಾರು ಎರಡು ಸಾವಿರ ಜನ. ನೆದರ್‌ಲೆಂಡ್ಸ್ ಸಾಮ್ರಾಜ್ಯದ ಅತಿ ಎತ್ತರದ ಜಾಗ ಯುರೋಪಿನಲ್ಲಿಲ್ಲ, ಇಲ್ಲಿದೆ: 887 ಮೀಟರಿನ ಮೌಂಟ್ ಸೀನರಿ.

ಅದರಿಂದಲೇ ಶುರು ಮಾಡುತ್ತೇನೆ. ವಿಂಡ್‌ವರ್ಡ್‌ಸೈಡ್ ಎಂಬ ಊರಿನಿಂದ ನೆತ್ತಿಗೆ 1,064 ಮೆಟ್ಟಿಲು. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತುವ ನಿಮಗೆ ಇದೇನು ಮಹಾ ಎನಿಸಬಹುದು. ಲೆಕ್ಕ ಹೆಚ್ಚುಕಡಿಮೆ ಒಂದೇ, ಕಾಲಿಗೆ ಸಿಗುವ ಅನುಭವ ಬೇರೆ. ಅಲ್ಲಿ ಒಂದು ಮೆಟ್ಟಿಲಿನಂತೆ ಇನ್ನೊಂದಿಲ್ಲ. ಕೆಳಗಿನ ಇಳಿಜಾರಿನಲ್ಲಿ ರೈತರ ತೋಟದ ತುಂಡುಗಳು ಸಿಗುತ್ತವೆ. ಆಮೇಲೆ ಮೋಡದೊಳಗೇ ನಡಿಗೆ. ಮರದಷ್ಟೆತ್ತರದ ಜರೀಗಿಡಗಳು, ಕಾಂಡಕ್ಕೆಲ್ಲ ಪಾಚಿ. ಕೆಸುವಿನ ಜಾತಿಯ ಎಲೆಗಳಂತೂ ಎಷ್ಟು ದೊಡ್ಡವೆಂದರೆ, ಒಂದು ಎಲೆ ಸಿಕ್ಕಿದರೆ ನಮ್ಮ ಮನೆಮಂದಿಗೆಲ್ಲ ಪತ್ರೊಡೆ ಆದೀತು ಎಂದುಕೊಂಡೆ. ಆ ಎಲೆಯ ತುದಿಯಲ್ಲಿ ಕೂಡಿಕೊಂಡ ನೀರು, ನಾವು ತಲೆ ತಗ್ಗಿಸಿ ಮೆಟ್ಟಿಲು ನೋಡುತ್ತಿರುವಾಗ ಸರಿಯಾಗಿ ಕುತ್ತಿಗೆಯ ಹಿಂದಕ್ಕೆ ಬೀಳುತ್ತದೆ. ಹತ್ತುವಾಗ ಉಸಿರು, ಇಳಿಯುವಾಗ ಮೊಣಕಾಲು. ಒದ್ದೆ ಕಲ್ಲಿನ ಮೇಲೆ ಹಿಡಿತವಿರುವ ಬೂಟು ಮತ್ತು ಒಂದು ಊರುಗೋಲು ಇಲ್ಲದೆ ಹೋಗಬೇಡಿ.

ನಾನು ಇವತ್ತು ಹೇಳಲೇಬೇಕೆಂದು ಬಂದ ಮಾತು ಒಂದೇ. ಪ್ರವಾಸಿಗಳು ಆಟವೆಂದು ನಡೆಯುವ ಅಲ್ಲಿನ ದಾರಿಗಳು ಆಟಕ್ಕಾಗಿ ಆದವಲ್ಲ. ಊರಿನಿಂದ ಊರಿಗೆ, ಮನೆಯಿಂದ ಹೊಲಕ್ಕೆ, ದಡದಿಂದ ಅಡುಗೆಮನೆಗೆ ಹೊರೆ ಹೊತ್ತವರು ಸವೆಸಿದ ದಾರಿಗಳವು. ಪಶ್ಚಿಮದ ದಡದಲ್ಲಿ ಲ್ಯಾಡರ್ ಎಂಬ ಜಾಗವಿದೆ. ಬಂಡೆಯಲ್ಲಿ ಕಡಿದ ಸುಮಾರು 800 ಮೆಟ್ಟಿಲು. ಇಪ್ಪತ್ತನೆಯ ಶತಮಾನದಲ್ಲೂ ದೋಣಿಯಿಂದ ಇಳಿದ ಸಾಮಾನು ತಲೆಯ ಮೇಲೆ, ಹೆಗಲ ಮೇಲೆ ಈ ಮೆಟ್ಟಿಲೇರಿ ಹೋಗುತ್ತಿತ್ತು. ಪಿಯಾನೋ ಕೂಡ ಹೀಗೇ ಬಂತು ಎನ್ನುತ್ತಾರೆ ಅಲ್ಲಿಯವರು. ನಡುದಾರಿಯಲ್ಲಿ ಹಳೆಯ ಸುಂಕದ ಮನೆ ಪಾಳುಬಿದ್ದು ನಿಂತಿದೆ. ಮೆಟ್ಟಿಲೇರಿ ತಲುಪುವ ರಾಜಧಾನಿಯ ಹೆಸರು ದಿ ಬಾಟಮ್, ಎಂದರೆ ತಳ. ತಳಕ್ಕೆ ಹೋಗಲು ಹತ್ತಬೇಕಾದ ಊರು ಅದು!

ರಸ್ತೆಯ ಕಥೆಯನ್ನು ನಮ್ಮ ಬಳಗದ ಕೆಲವರು ನನ್ನಿಂದ ಮೊದಲೇ ಕೇಳಿದ್ದಾರೆ. ಮತ್ತೊಮ್ಮೆ ಕೇಳಿ, ನಷ್ಟವಿಲ್ಲ. ಈ ಕಡಿದಾದ ದ್ವೀಪದಲ್ಲಿ ರಸ್ತೆ ಸಾಧ್ಯವಿಲ್ಲ ಎಂದು ಹೊರಗಿನಿಂದ ಬಂದ ಎಂಜಿನಿಯರುಗಳು ತೀರ್ಪು ಕೊಟ್ಟು ಹೋದರು. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರೊಬ್ಬರು ಆ ತೀರ್ಪನ್ನು ಒಪ್ಪಲಿಲ್ಲ. ಅಂಚೆಯ ಮೂಲಕ ರಸ್ತೆ ನಿರ್ಮಾಣದ ಪಾಠ ತರಿಸಿಕೊಂಡು ಓದಿದರು. ಯೋಚಿಸಿ: ಆ ಪಾಠದ ಲಕೋಟೆಗಳೂ ದೋಣಿಯಲ್ಲಿ ಬಂದು, ಯಾರೋ ಹೊತ್ತುಕೊಂಡೇ ಮೇಲೆ ಹೋಗಿರಬೇಕು! ರಸ್ತೆ ಇಲ್ಲದ ಊರಿಗೆ ರಸ್ತೆಯ ವಿದ್ಯೆ ಕಾಲ್ನಡಿಗೆಯಲ್ಲಿ ಬಂತು. 1938ರಲ್ಲಿ ಕೆಲಸ ಶುರು. ದೊಡ್ಡ ಯಂತ್ರಗಳಿಲ್ಲ, ಊರವರ ಕೈ ಮತ್ತು ತಳ್ಳುಗಾಡಿ. ದಡದ ಫೋರ್ಟ್ ಬೇ ಬಂದರಿನಿಂದ ದಿ ಬಾಟಮ್‌ವರೆಗಿನ ಮೊದಲ ತುಂಡು ಮುಗಿದದ್ದು 1943ರಲ್ಲಿ. ಅದರ ಮೇಲೆ ಮೊದಲ ಮೋಟಾರು ವಾಹನ ಬಂದದ್ದು 1947ರಲ್ಲಿ, ನಾಲ್ಕು ವರ್ಷದ ನಂತರ. ಪೂರ್ತಿ ರಸ್ತೆ ಮುಗಿದಾಗ 1958. ಇಪ್ಪತ್ತು ವರ್ಷ! ಅದಕ್ಕೆ ಅವರಿಟ್ಟ ಹೆಸರು ದಿ ರೋಡ್, ಅಷ್ಟೇ. ಇನ್ನೊಂದು ರಸ್ತೆಯೊಡನೆ ಗೊಂದಲವಾಗುವ ಪ್ರಶ್ನೆಯೇ ಇರಲಿಲ್ಲವಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಫ್ಲ್ಯಾಟ್ ಪಾಯಿಂಟ್ ಎಂಬ ಚೂರು ಸಮತಟ್ಟು ಜಾಗದ ಕಲ್ಲುಗಳನ್ನು ಜನ ಕೈಯಿಂದಲೇ ಎತ್ತಿ ಹಾಕಿದರು. 1959ರಲ್ಲಿ ರೆಮಿ ದೆ ಹೆನೆನ್ ಎಂಬ ವಿಮಾನ ಚಾಲಕ ಅಲ್ಲಿ ಇಳಿದು ತೋರಿಸಿದರು. ಇಂದಿನ ವಿಮಾನ ನಿಲ್ದಾಣ ಅದೇ ಜಾಗದಲ್ಲಿದೆ. ಓಡುದಾರಿ ಸುಮಾರು 400 ಮೀಟರ್, ಎರಡೂ ತುದಿಗೆ ಪ್ರಪಾತ. ನೆರೆಯ ಸಿಂಟ್ ಮಾರ್ಟೆನ್ ದ್ವೀಪದಿಂದ ಕಾಲು ಗಂಟೆಯೊಳಗಿನ ಹಾರಾಟ. ಚಕ್ರ ನೆಲ ಮುಟ್ಟಿದಾಗ ನನ್ನ ಪಕ್ಕದ ಅಜ್ಜಿ ಹೆಣಿಗೆಯಿಂದ ಕಣ್ಣೆತ್ತಲೂ ಇಲ್ಲ; ಸಾಬಾದ ಹೆಂಗಸರ ಕಸೂತಿಗೂ ದೊಡ್ಡ ಹೆಸರಿದೆ, ಆ ಮಾತು ಇವತ್ತು ಬೇಡ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷವಂತೆ. ಸಮುದ್ರದ ಮಾತು ಪೂರಾ ಬಾಕಿ ಇದೆ.

ಸಾಬಾ ಜ್ವಾಲಾಮುಖಿಯ ತುದಿ. ಮೇಲೆ ಕಾಣುವ ಕಡಿದಾದ ಇಳಿಜಾರು ನೀರಿನೊಳಗೂ ಹಾಗೆಯೇ ಮುಂದುವರಿಯುತ್ತದೆ. ಆಳದಿಂದ ಗೋಪುರದಂತೆ ಎದ್ದ ಶಿಲೆಗಳು, ಅವುಗಳ ಮೇಲೆಲ್ಲ ಹವಳ ಮತ್ತು ಸ್ಪಂಜು. ಸ್ಕೂಬಾ, ಎಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ಆಟ, ಮಾಡುವವರು ದೂರದೂರದಿಂದ ಬರುವುದು ಇದಕ್ಕೇ. ಲ್ಯಾಡರ್ ಕೊಲ್ಲಿಯ ಹತ್ತಿರ ಒಂದು ಕಡೆ ಮಾರ್ಗದರ್ಶಿ ನನ್ನ ಕೈ ಹಿಡಿದು ತಳದ ಮರಳಿಗೆ ಒತ್ತಿದರು. ಬೆಚ್ಚಗಿತ್ತು. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ಪಾತ್ರೆಯ ತಳದಂತೆ. ಬೆಟ್ಟಕ್ಕೆ ಇನ್ನೂ ಜೀವವಿದೆ ಎಂದು ನನಗೆ ಅಲ್ಲಿ ಅಂಗೈಯಲ್ಲಿ ಗೊತ್ತಾಯಿತು.

ಇಲ್ಲಿಯೂ ನನ್ನ ಅದೇ ಮಾತು. ದ್ವೀಪದವರು 1987ರಲ್ಲೇ ಸುತ್ತಲ ಸಮುದ್ರವನ್ನು, 60 ಮೀಟರ್ ಆಳದವರೆಗೆ, ಕಡಲ ಉದ್ಯಾನವೆಂದು ಕಾಯ್ದಿರಿಸಿದರು. ದೋಣಿಗಳು ಹವಳದ ಮೇಲೆ ಲಂಗರು ಎಸೆಯುವುದಿಲ್ಲ. ತಳಕ್ಕೆ ಬಿಗಿದ ತೇಲುಗುಂಡುಗಳಿಗೆ ಹಗ್ಗ ಕಟ್ಟಿ ನಿಲ್ಲುತ್ತವೆ. ಒಂದು ಲಂಗರು ಕ್ಷಣದಲ್ಲಿ ಮುರಿದದ್ದನ್ನು ಹವಳ ಮತ್ತೆ ಬೆಳೆಸಲು ದಶಕಗಳು ಬೇಕು. ನೀರಿಗಿಳಿಯುವವರೆಲ್ಲ ಉದ್ಯಾನಕ್ಕೆ ಶುಲ್ಕ ಕೊಡಬೇಕು. ನಮ್ಮ ತಂಡದಲ್ಲಿ ಒಬ್ಬರು ಗೊಣಗಿದರು. ನನಗೆ ಸಿಟ್ಟು ಬಂತು, ಈಗಲೂ ಇದೆ. ಇನ್ನೊಬ್ಬರು ಕಾಪಾಡಿ ಇಟ್ಟ ಅಂಗಳದಲ್ಲಿ ಆಡಲು ಹೋದವರು ಕಾವಲಿನ ಖರ್ಚು ಕೊಡುವುದಿಲ್ಲವೆಂದರೆ ಹೇಗೆ?

ಹೋಗುವವರಿಗೆ ಒಂದು ಎಚ್ಚರಿಕೆ, ಚೀಟಿಯನ್ನು ಮೀರಿಯಾದರೂ ಹೇಳುತ್ತೇನೆ. ಸ್ಕೂಬಾ ಮುಗಿಸಿದ ದಿನವೇ ಮೌಂಟ್ ಸೀನರಿ ಹತ್ತಬೇಡಿ. ಆಳದಲ್ಲಿ ಉಸಿರಾಡಿದಾಗ ಮೈಯಲ್ಲಿ ಕರಗಿದ ನೈಟ್ರೋಜನ್, ಎತ್ತರದಲ್ಲಿ ಗಾಳಿಯ ಒತ್ತಡ ಇಳಿದಾಗ ಗುಳ್ಳೆಗಟ್ಟಬಹುದು. ಅದು ಜೀವಕ್ಕೇ ಅಪಾಯ. ಬೆಟ್ಟ ಮೊದಲ ದಿನ, ಸಮುದ್ರ ಆಮೇಲೆ. ವಿಮಾನ ಹತ್ತುವ ಹಿಂದಿನ ದಿನವೂ ನೀರಿಗಿಳಿಯದಿರುವುದು ಒಳ್ಳೆಯದು.

ಹಾಗೆ ಖಾಲಿ ಉಳಿದ ಕೊನೆಯ ದಿನ ನಾನು ಲ್ಯಾಡರ್ ಇಳಿದೆ. ಸುಂಕದ ಮನೆ ದಾಟಿ, ಅಲೆಗಳು ಕಲ್ಲಿಗೆ ಬಡಿಯುವವರೆಗೆ. ದೋಣಿ ಇರಲಿಲ್ಲ, ಒಬ್ಬ ಮನುಷ್ಯನೂ ಇರಲಿಲ್ಲ. ಸ್ವಲ್ಪ ಹೊತ್ತು ಕುಳಿತು ಮತ್ತೆ ಎಂಟುನೂರು ಹತ್ತತೊಡಗಿದೆ. ಕೈಯಲ್ಲಿದ್ದದ್ದು ಒಂದು ನೀರಿನ ಬಾಟಲಿ. ಅರ್ಧ ದಾರಿಯಲ್ಲಿ ಅದೂ ಭಾರವಾಯಿತು.

ನಮಸ್ಕಾರ.