ಒಂದೇ ಡಬ್ಬಿಯ ಎರಡು ಮಾತ್ರೆ

ನಮಸ್ಕಾರ. ನಾನು ನರ್ಸ್ ಕೆಲಸ ಬಿಟ್ಟು ವರ್ಷಗಳಾದರೂ ಕಾಸರಗೋಡಿನ ಪೆರ್ಲದ ಕಡೆ ಹೋದರೆ ಜನ ಈಗಲೂ "ಸಿಸ್ಟರೇ, ಒಂದು ನಿಮಿಷ" ಅಂತ ನಿಲ್ಲಿಸುತ್ತಾರೆ. ಮೊನ್ನೆಯೂ ಹಾಗೇ ಆಯಿತು. ಅಂಗಳದಲ್ಲಿ ಅಡಿಕೆ ಹರವಿತ್ತು. ಜಗಲಿಯಲ್ಲಿ ಅತ್ತೆ ಸೊಸೆ ಮುಖ ಊದಿಸಿಕೊಂಡು ಕೂತಿದ್ದರು, ನಡುವೆ ಒಂದು ಹಳೇ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಎರಡು ಥರದ ಮಾತ್ರೆ. ಒಂದು ಸೊಸೆಯ ಗರ್ಭನಿರೋಧಕ ಮಾತ್ರೆ, ಮಾಲಾ-ಎನ್. ಇನ್ನೊಂದು ಅತ್ತೆಯ ಎದೆಯ ಕ್ಯಾನ್ಸರಿನ ಮಾತ್ರೆ, ಟಾಮೋಕ್ಸಿಫೆನ್. ಎರಡು ವರ್ಷದ ಹಿಂದೆ ಮಂಗಳೂರಿಗೆ ಹೋಗಿ ಎದೆಯ ಗಡ್ಡೆ ತೆಗೆಸಿಕೊಂಡವರು ಅವರು.

"ನನಗೆ ಹಾರ್ಮೋನಿನಿಂದ ಬಂದದ್ದಂತೆ. ಇವಳು ನೋಡಿದರೆ ಸುಮ್ನೆ ಸಿಗುತ್ತದೆ ಅಂತ ಅದನ್ನೇ ನುಂಗುತ್ತಾಳೆ. ನೀವೇ ಹೇಳಿ ಸಿಸ್ಟರೇ."

ಏನೂ ಆಗುವುದಿಲ್ಲ ಅಕ್ಕ, ಅಂದುಬಿಡಬಹುದಿತ್ತು. ಆದರೆ ನಮ್ಮೂರಲ್ಲಿ ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿಯುವಾಗಲೂ ಏನೂ ಆಗುವುದಿಲ್ಲ ಅಂತಲೇ ಹೇಳಿದ್ದು ಅಲ್ವಾ? ಆ ಮಾತು ಇಲ್ಲಿ ನಡೆಯುವುದಿಲ್ಲ. ನಡೆಯಲೂಬಾರದು. ಹಾಗಾಗಿ ಲೆಕ್ಕವನ್ನೇ ಹೇಳಿದೆ.

ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. 21ರಲ್ಲಿ ಹಾರ್ಮೋನು, ಉಳಿದ 7 ಬರೀ ಕಬ್ಬಿಣದ್ದು. ಹಾರ್ಮೋನಿನ ಒಂದೊಂದು ಮಾತ್ರೆಯಲ್ಲೂ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು 30 ಮೈಕ್ರೋಗ್ರಾಂ. 1960ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ ಮೊದಲ ಗರ್ಭನಿರೋಧಕ ಮಾತ್ರೆಯಲ್ಲಿ ಆ ಜಾತಿಯ ಹಾರ್ಮೋನು 150 ಮೈಕ್ರೋಗ್ರಾಂ ಇತ್ತು. ಅಜ್ಜಿ ಕಾಲದ ಕಥೆ ಕೇಳಿ ಇವತ್ತಿನ ಮಾತ್ರೆಗೆ ಹೆದರುವವರಿಗೆ ಇದು ಗೊತ್ತಿರಲಿ.

ಹಾಗಂತ ಎದೆಯ ಕ್ಯಾನ್ಸರಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಡೆನ್ಮಾರ್ಕಿನಲ್ಲಿ 18 ಲಕ್ಷ ಹೆಂಗಸರ ದಾಖಲೆ ನೋಡಿ 2017ರಲ್ಲಿ ಒಂದು ವರದಿ ಬಂತು. ಹಾರ್ಮೋನಿನ ಗರ್ಭನಿರೋಧಕ ತೆಗೆದುಕೊಳ್ಳುವವರಲ್ಲಿ ಎದೆಯ ಕ್ಯಾನ್ಸರ್ ಶೇಕಡಾ 20ರಷ್ಟು ಜಾಸ್ತಿ. ಇಷ್ಟು ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅದೇ ವರದಿಯ ಇನ್ನೊಂದು ಲೆಕ್ಕ ಕೇಳಿ: 7,690 ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಒಬ್ಬರಿಗೆ ಹೆಚ್ಚುವರಿಯಾಗಿ ಬರುತ್ತದೆ. ಅಂಗಳದ ಅಡಿಕೆ ತೋರಿಸಿದೆ. ಇಷ್ಟರಲ್ಲಿ ಹೇಗೂ ನಾಲ್ಕಾರು ಕರಿಗೋಟು, ಅಂದರೆ ಕೆಟ್ಟ ಅಡಿಕೆ, ಇದ್ದೇ ಇರುತ್ತದೆ. 7,690 ಅಡಿಕೆ ಎಣಿಸಿದರೆ ಅದರ ಮೇಲೆ ಇನ್ನೊಂದು. ವಯಸ್ಸು ಕಡಿಮೆಯಿದ್ದಷ್ಟು ಆ ಹೆಚ್ಚುವರಿಯೂ ಕಡಿಮೆ. ನಿಲ್ಲಿಸಿ ಹತ್ತು ವರ್ಷವಾದರೆ ಹೆಚ್ಚುಕಮ್ಮಿ ಇಲ್ಲವಾಗುತ್ತದೆ ಅಂತ 1996ರಲ್ಲೇ 25 ದೇಶಗಳ ಲೆಕ್ಕ ಕೂಡಿಸಿ ನೋಡಿದವರು ಹೇಳಿದ್ದಾರೆ.

ಇನ್ನೊಂದು ಮಗ್ಗುಲನ್ನು ಯಾರೂ ಜಗಲಿಯಲ್ಲಿ ಕೂತು ಹೇಳುವುದಿಲ್ಲ. ಐದು ವರ್ಷ ಈ ಮಾತ್ರೆ ತೆಗೆದುಕೊಂಡವರಲ್ಲಿ ಅಂಡಾಶಯದ ಕ್ಯಾನ್ಸರ್ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ, ಹದಿನೈದು ವರ್ಷ ತೆಗೆದುಕೊಂಡವರಲ್ಲಿ ಅರ್ಧಕ್ಕರ್ಧ ಕಡಿಮೆ, ಅದೂ ನಿಲ್ಲಿಸಿ ಮೂವತ್ತು ವರ್ಷದವರೆಗೂ ಆ ಲಾಭ ಉಳಿಯುತ್ತದೆ. ತಿಂಗಳು ತಿಂಗಳು ಅಂಡ ಹೊರಬರುವಾಗ ಅಂಡಾಶಯದ ಮೇಲ್ಪದರ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಮಾತ್ರೆ ಆ ಕೆಲಸಕ್ಕೆ ರಜೆ ಕೊಡುತ್ತದೆ. ಗರ್ಭಕೋಶದ ಒಳಪದರದ ಕ್ಯಾನ್ಸರೂ ಕಡಿಮೆ, ಆ ಪದರ ದಪ್ಪವಾಗಲು ಬಿಡುವುದಿಲ್ಲವಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬೇರೆ ವಿಷಯ. ಅದಕ್ಕೆ ಎಚ್‌ಪಿವಿ ವೈರಸ್ ಕಾರಣ. ಆದರೆ ಐದು ವರ್ಷ ಮೀರಿ ಮಾತ್ರೆ ತೆಗೆದುಕೊಂಡವರಲ್ಲಿ ಜಾಸ್ತಿ ಕಂಡಿದೆ, ಹಾಗಾಗಿ ಪರೀಕ್ಷೆ ತಪ್ಪಿಸಬೇಡಿ.

"ಹಾಗಾದರೆ ನನ್ನ ಮಾತ್ರೆ?" ಅಂತ ಅತ್ತೆ ಕೇಳಿದರು.

ಅದರ ಕಥೆಯೇ ಚಂದ. ಟಾಮೋಕ್ಸಿಫೆನ್ ಹುಟ್ಟಿದ್ದೇ ಗರ್ಭ ನಿಲ್ಲದಂತೆ ಮಾಡಲು. 1962ರಲ್ಲಿ ಇಂಗ್ಲೆಂಡಿನ ಔಷಧ ಕಂಪನಿಯೊಂದರಲ್ಲಿ ಡೋರಾ ರಿಚರ್ಡ್‌ಸನ್ ಅನ್ನುವ ಹೆಂಗಸು ಅದನ್ನು ತಯಾರಿಸಿದರು. ಇಲಿಗಳಲ್ಲಿ ಕೆಲಸ ಮಾಡಿತು. ಮನುಷ್ಯರಲ್ಲಿ ನೋಡಿದರೆ ಅಂಡ ಬಿಡುಗಡೆಯನ್ನು ತಡೆಯುವ ಬದಲು ಮಾಡಿಸಿಯೇ ಬಿಟ್ಟಿತು! ಆಮೇಲೆ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಎದೆಯ ಕ್ಯಾನ್ಸರ್ ಇದ್ದವರಿಗೆ ಕೊಟ್ಟು ನೋಡಿದರು, 1971ರಲ್ಲಿ ಒಳ್ಳೇ ಸುದ್ದಿ ಬಂತು. ಅಕ್ಕನಂಥವರ ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್ ಬಂದು ಕೂರುವ ಜಾಗಗಳಿರುತ್ತವೆ, ಕೂತರೆ ಗಡ್ಡೆ ಬೆಳೆಯುತ್ತದೆ. ಈ ಮಾತ್ರೆ ಮೊದಲೇ ಹೋಗಿ, ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ, ಆ ಜಾಗ ಹಿಡಿಯುತ್ತದೆ. ಸೊಸೆಗೆ ಅಷ್ಟು ಹೊತ್ತಿನ ಮೇಲೆ ನಗು ಬಂತು.

ಅವಳನ್ನು ಕೇಳಿದೆ: ಬಿಪಿ ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ, ಕಣ್ಣಿಗೆ ಮಿಂಚು ಹೊಡೆದು ತಲೆನೋವು ಬರುತ್ತದಾ, ತವರಿನಲ್ಲಿ ತಾಯಿಗೋ ಅಕ್ಕನಿಗೋ ಎದೆಯ ಕ್ಯಾನ್ಸರ್ ಆಗಿದೆಯಾ? ಯಾವುದೂ ಇಲ್ಲ. ಒಂದಿದ್ದರೂ ಮೊದಲು ಡಾಕ್ಟರ ಹತ್ತಿರ ಮಾತಾಡಬೇಕಿತ್ತು. ಮಾಲಾ-ಎನ್ ಬೇಡ ಅನಿಸಿದರೆ ಛಾಯಾ ಅನ್ನುವ ಗರ್ಭನಿರೋಧಕ ಮಾತ್ರೆ ಇದೆ, ಲಖನೌದಲ್ಲಿ ನಮ್ಮವರೇ ಕಂಡುಹಿಡಿದದ್ದು, ಅದರಲ್ಲಿ ಈಸ್ಟ್ರೋಜನ್ ಇಲ್ಲ, ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು.

"ಆದರೆ ನನ್ನ ಕಾಯಿಲೆ ಇವಳಿಗೆ ಬಂದರೆ?" ಅತ್ತೆಗೆ ಇನ್ನೂ ಸಮಾಧಾನವಿಲ್ಲ.

"ಅಕ್ಕ, ಇವಳು ನಿಮ್ಮ ಸೊಸೆ. ನಿಮ್ಮ ರಕ್ತ ಇವಳಲ್ಲಿ ಹರಿಯುವುದಿಲ್ಲ. ಹೇಳಬೇಕಾದ್ದು ನಿಮ್ಮ ಮಗಳಿಗೆ."

ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಸೊಸೆಯ ಕೈಯಿಂದ ಫೋನ್ ತೆಗೆದುಕೊಂಡು ಸುಳ್ಯದಲ್ಲಿರುವ ಮಗಳಿಗೆ ಹಚ್ಚಿಸಿದರು. ನಾನು ಟೀ ಕುಡಿದು ಎದ್ದೆ. ಹೊರಡುವ ಮೊದಲು ಒಂದು ಕೆಲಸ ಮಾಡಿಸಿದೆ: ಆ ಎರಡು ಮಾತ್ರೆಗೆ ಎರಡು ಡಬ್ಬಿ. ಕತ್ತಲಲ್ಲಿ ಕೈ ತಪ್ಪಿದರೆ ಕಷ್ಟ.