ಕೋವಿ ಇರುವ ಮನೆಯಲ್ಲಿ ಸಿಟ್ಟು ಬಂದಾಗ

ಎಲ್ಲರಿಗೂ ನಮಸ್ಕಾರ.

ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂತು. ಇನ್ನೇನು ಮನೆಮನೆಯಲ್ಲೂ ಕೋವಿ ಒರೆಸಿ, ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಇಂಥ ಹೊತ್ತಲ್ಲಿ ಕೋವಿಯಿಂದಾಗುವ ಸಾವಿನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೂ ಈಗಲೇ ಆಡಬೇಕು.

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಬಂದದ್ದು ಬ್ರಿಟಿಷರ ಕಾಲದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಈ ಹಕ್ಕು ಹೋಗಲಿ ಅಂತ ನಾನು ಹೇಳುತ್ತಿಲ್ಲ. ಹುಟ್ಟಿಗೂ ಸಾವಿಗೂ ಸುಗ್ಗಿಹಬ್ಬ ಪುತ್ತರಿಗೂ ಗುಂಡು ಹಾರಿಸುವ ನಾಡು ನಮ್ಮದು. ಆದರೆ ಲೈಸೆನ್ಸ್ ನವೀಕರಣದ ಗೋಜಿಲ್ಲ ಅಂದಮೇಲೆ, ಕೋವಿ ಹಿಡಿದವನ ಮನಸ್ಸು ಹೇಗಿದೆ ಅಂತ ನೋಡಿಕೊಳ್ಳಬೇಕಾದವರು ಮನೆಯವರೇ ಅಲ್ವಾ?

ನಮ್ಮಲ್ಲಿ ಜಗಳ ಹೇಗೆ ಬೆಳೆಯುತ್ತದೆ ನೋಡಿ. ಬೇಲಿ ಒಂದು ಮೊಳ ಆಚೆ ಹೋಯಿತು ಅಂತ ಅಣ್ಣ ತಮ್ಮಂದಿರಲ್ಲಿ ಮಾತು ಶುರುವಾಗುತ್ತದೆ. ಆಮೇಲೆ ಪಾಲು, ಕೋರ್ಟು, ವಾಯಿದೆ. ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುವುದು. ಒಂದು ಸಂಜೆ ಎರಡು ಪೆಗ್ ಜಾಸ್ತಿಯಾಗಿರುತ್ತದೆ. ಕೋವಿ ಗೋಡೆಯ ಮೇಲೆ, ತೋಟಾ ಮೇಜಿನ ಡ್ರಾದಲ್ಲಿ. ಕೈಗೆ ದೊಣ್ಣೆ ಸಿಕ್ಕಿದ್ದರೆ ಯಾರಾದರೂ ಅಡ್ಡ ಬಂದು ಹಿಡಿಯಬಹುದಿತ್ತು. ಗುಂಡನ್ನು ಹಿಡಿಯುವುದು ಹೇಗೆ? ಸಿಟ್ಟು ಬೆಳಿಗ್ಗೆ ಇಳಿದಿರುತ್ತಿತ್ತು. ಅಷ್ಟರಲ್ಲಿ ಒಬ್ಬ ಸ್ಮಶಾನಕ್ಕೆ, ಇನ್ನೊಬ್ಬ ಜೈಲಿಗೆ.

ಇನ್ನೊಂದು ಬಗೆಯ ಸಾವಿನ ಬಗ್ಗೆ ನಾವು ಬಾಯಿಯೇ ಬಿಡುವುದಿಲ್ಲ. ಅಮೆರಿಕದಲ್ಲಿ 2021ರಲ್ಲಿ ಗುಂಡಿನಿಂದ ಸತ್ತವರು 48 ಸಾವಿರಕ್ಕೂ ಜಾಸ್ತಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಜೀವ ಕಳೆದುಕೊಂಡವರು. ನಮ್ಮ ತೋಟಗಳಲ್ಲೂ ಸಾಲ ಇದೆ, ಕೊಳೆರೋಗ ಇದೆ. ಮಕ್ಕಳು ಬೆಂಗಳೂರು ಸೇರಿ, ದೊಡ್ಡ ಮನೆಯಲ್ಲಿ ಒಂಟಿಯಾದ ಹಿರಿಯರಿದ್ದಾರೆ. 'ನಮ್ಮವರಿಗೆ ಅಂಥದ್ದೆಲ್ಲ ಆಗಲ್ಲ' ಅನ್ನುವ ಜಂಬ ದಯವಿಟ್ಟು ಬಿಡಿ. ಆ ಕೆಟ್ಟ ಗಳಿಗೆ ದಾಟಿದವರು ಎಷ್ಟೋ ಜನ ಆಮೇಲೆ ಚೆನ್ನಾಗಿ ಬದುಕುತ್ತಾರೆ. ಕೈಯಳತೆಯಲ್ಲಿ ಕೋವಿ ಇದ್ದರೆ ಅದನ್ನು ದಾಟುವುದು ಕಷ್ಟ.

ಕಾನೂನು ಇದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಅಂದಿತು. ಅದು ಬೇಕು, ಸರಿ. ಆದರೆ ಸಾಯಿಸಲು ಒಂದು ಸಾಕಲ್ಲ.

ಕೋವಿಯನ್ನು ದೂರ ಇಡುವುದು ನಮಗೆ ಹೊಸದೇನೂ ಅಲ್ಲ. ಗದ್ದೆ ಕೆಲಸದ ತಿಂಗಳಲ್ಲಿ ಹಿರಿಯರು ಅದನ್ನು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿಟ್ಟು, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ದಿನವೇ ಹೊರಗೆ ತೆಗೆಯುತ್ತಿದ್ದರು. ಮನೆಯಲ್ಲಿ ಕುಡಿತ, ಜಗಳ, ಮಂಕು ಕಂಡಾಗಲೂ ಹಾಗೇ ಯಾಕೆ ಮಾಡಬಾರದು? ಕೋವಿಗೆ ಒಂದು ಬೀಗ, ತೋಟಾಕ್ಕೆ ಇನ್ನೊಂದು, ಬೀಗದ ಕೈ ಬೇರೆಯವರ ಹತ್ತಿರ. ಅದೂ ಸಾಲದು ಅನಿಸಿದರೆ ಕೋವಿ ಮಾರುವ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಿ. ಚುನಾವಣೆ ಬಂದಾಗ ಠಾಣೆಯಲ್ಲಿ ಇಡುತ್ತೇವಲ್ಲ. ಮನೆತನದ ಯಜಮಾನರಾದ ಪಟ್ಟೆದಾರರು ಈ ಮಾತನ್ನು ಒಕ್ಕದ (ಮನೆತನದ) ಸಭೆಯಲ್ಲಿ ಎತ್ತಲಿ. ಮನೆಯ ಹೆಂಗಸರು 'ಭಯ ಆಗ್ತಿದೆ' ಅಂದರೆ ಅವತ್ತೇ ಕೋವಿ ಹೊರಗೆ ಹೋಗಲಿ.

ಮನಸ್ಸು ಸರಿಯಿಲ್ಲ ಅಂತ ಯಾರಾದರೂ ಹೇಳಿಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿಸಿ. ಹಗಲು ರಾತ್ರಿ ಇರುತ್ತದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.