ಮೊದಲು ಮಗು ಊಹಿಸಲಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಎಂಟು ಹತ್ತು ವರ್ಷದ ಮಕ್ಕಳಿರುವ ತಂದೆ ತಾಯಂದಿರು, ಅಜ್ಜ ಅಜ್ಜಿಯರು ಈಗ ರೇಡಿಯೋ ಮುಂದೆ ಕುಳಿತಿದ್ದೀರಿ ಎಂದು ಭಾವಿಸಿಕೊಂಡು ಮಾತನಾಡುತ್ತಿದ್ದೇನೆ. ಅಡುಗೆಮನೆಯಲ್ಲಿ ವಿಜ್ಞಾನದ ಪ್ರಯೋಗ ಮಾಡಿಸಲು ನಿಮಗೆ ಒಂದೇ ನಿಯಮ ಸಾಕು: ಏನಾಗುತ್ತದೆ ಎಂಬುದನ್ನು ಮಗು ಮೊದಲು ಊಹಿಸಿ ಹೇಳಬೇಕು, ಆಮೇಲೆ ಕೈ ಹಚ್ಚಬೇಕು.

ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಉಜ್ಜಿದಾಗ ಹಳದಿ ಕಲೆ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಶಾಲೆಯೊಂದರಲ್ಲಿ ನಾನು ಇದರ ಕಾರಣ ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, ಸಾರಿನಲ್ಲಿ ಅಡಗಿದ್ದ ಮೆಣಸಿನಪುಡಿಯ ಕೆಂಪನ್ನು ಸೋಪು ಹೊರಗೆ ಎಳೆಯುತ್ತದೆ ಎಂದ. ಪಕ್ಕದಲ್ಲಿದ್ದ ಶಿಕ್ಷಕರು ಉತ್ತರ ಹೇಳಲು ಬಾಯಿ ತೆರೆದರು. ದಯವಿಟ್ಟು ಬೇಡವೆಂದು ಸನ್ನೆ ಮಾಡಿ, ಅದನ್ನು ಪರೀಕ್ಷಿಸುವುದು ಹೇಗೆ ಎಂದು ಹುಡುಗನನ್ನೇ ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಒಂದು ಬಟ್ಟೆ ಚೂರಿಗೆ ಬರಿ ಅರಿಶಿನದ ನೀರು, ಇನ್ನೊಂದಕ್ಕೆ ಬರಿ ಮೆಣಸಿನಪುಡಿಯ ನೀರು ಹಚ್ಚಿ, ಎರಡಕ್ಕೂ ಸೋಪು ಉಜ್ಜೋಣ ಎಂದ. ಯಾವ ಪ್ರಯೋಗಾಲಯದ ವಿಜ್ಞಾನಿಯೂ ಒಪ್ಪುವ ವಿಧಾನವಿದು! ಅರಿಶಿನ ಕೆಂಪಾಯಿತು, ಮೆಣಸಿನ ಚೂರು ಇದ್ದಂತೆಯೇ ಇತ್ತು. ಸೋಪಿನ ಬಣ್ಣವೇ ಅಂಟಿರಬಹುದೆಂದು ಹಿಂದಿನ ಸಾಲಿನ ಹುಡುಗಿ ಹೇಳಿದಾಗ, ಬಿಳಿ ಸೋಪು ತರಲು ಓಡಿದವನೂ ಅದೇ ಹುಡುಗ. ಅದಕ್ಕೂ ಕೆಂಪೇ ಬಂತು. ಅಡುಗೆ ಸೋಡಾದ ನೀರಿಗೂ ಒಲೆಯ ಬೂದಿ ಕದಡಿದ ನೀರಿಗೂ ಕೆಂಪೇ ಬಂತು. ಕೆಂಪಾದ ಚೂರಿನ ಮೇಲೆ ನಿಂಬೆಹಣ್ಣು ಹಿಂಡಿದಾಗ ಹಳದಿ ಮರಳಿತು.

ಆಗ ಮಾತ್ರ ನಾನು ಕಾರಣ ಹೇಳಿದೆ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು, ಸೋಪು, ಸೋಡಾ, ಬೂದಿನೀರಿನಂಥ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ನಿಂಬೆರಸದಂಥ ಆಮ್ಲ ತಗುಲಿದರೆ ಮತ್ತೆ ಹಳದಿಯಾಗುತ್ತದೆ. ಆರತಿಯ ನೀರಿನಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವುದೂ ಇದೇ ಕ್ರಿಯೆ. ಮೊದಲೇ ಇದನ್ನು ಹೇಳಿದ್ದರೆ ಮಕ್ಕಳು ಬರೆದುಕೊಂಡು ಸುಮ್ಮನಾಗುತ್ತಿದ್ದರು. ಉತ್ತರ ಹೇಳಿಬಿಡುವ ಆತುರ ದೊಡ್ಡವರಿಗೆ ಯಾಕಿಷ್ಟೋ ನನಗೆ ತಿಳಿಯದು. ಮಗು ಊಹಿಸುವವರೆಗೆ ದಯಮಾಡಿ ಬಾಯಿ ಮುಚ್ಚಿಕೊಂಡಿರಿ.

ವಿನೆಗರ್‌ನಲ್ಲಿ ಮುಳುಗಿಸಿಟ್ಟ ಮೊಟ್ಟೆಯ ಚಿಪ್ಪು ಒಂದೆರಡು ದಿನಗಳಲ್ಲಿ ಕರಗುವ ವಿಷಯವನ್ನು ವಿವರಿಸಬೇಕೆಂದಿದ್ದೆ, ಆದರೆ ಸಮಯ ಉಳಿದಿಲ್ಲ. ನಾಳೆ ಕೆಂಪು ದಾಸವಾಳದ ಎಸಳುಗಳನ್ನು ಬಿಸಿ ನೀರಿನಲ್ಲಿ ನೆನೆಸಿ, ಬಣ್ಣ ಬಿಟ್ಟ ನೀರನ್ನು ಎರಡು ಲೋಟಗಳಿಗೆ ಹಾಕಿ. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ. ಯಾವ ಲೋಟ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಮಗು ಚೀಟಿಯಲ್ಲಿ ಮೊದಲೇ ಬರೆದಿಡಲಿ. ನಾನಂತೂ ಈಗ ಹೇಳುವುದಿಲ್ಲ. ನಮಸ್ಕಾರ.